ಮಗು ಎಸ್ಸೆಸ್ಸೆಲ್ಸಿಗೆ ಬಂದಾಗ ಅಪ್ಪನಿಗೆಷ್ಟು?

ಮೈಸೂರು ಸಂಸ್ಥಾನ 1894ರಲ್ಲಿ ಒಂದು ಕಾಯಿದೆ ಮಾಡಿತು. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಿಸಿದರೆ ಶಿಕ್ಷೆ ಎಂದು ಅದರಲ್ಲಿತ್ತು. ಬಾಲ್ಯವಿವಾಹದ ಮಾತು ಬಂದಾಗ ಇಷ್ಟನ್ನು ಎಲ್ಲರೂ ನೆನೆಯುತ್ತಾರೆ. ಅದೇ ಕಾಯಿದೆಯಲ್ಲಿದ್ದ ಇನ್ನೊಂದು ಸಂಗತಿ ಯಾಕೋ ಮರೆತುಹೋಗಿದೆ: ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವಂತಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯಿದೆ ಬಂದದ್ದು 1929ರಲ್ಲಿ. ಅದಕ್ಕೆ ಮೂವತ್ತೈದು ವರ್ಷ ಮೊದಲೇ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ, ಗಂಡಸಿಗೂ ಮದುವೆಯ ವಯಸ್ಸು ಮೀರುತ್ತದೆ ಎಂದು ಮೈಸೂರು ಬರೆದಿಟ್ಟಿತು. ಇಂದು ಓದಿದರೆ ಆ ಹದಿನಾಲ್ಕೂ ಮೈ ನಡುಗಿಸುತ್ತದೆ. ಆದರೂ ಮದುಮಗನ ತಲೆಗೂದಲ ಬಣ್ಣ ನೋಡಿದ ಕಾನೂನು ಅದು.

ಆಮೇಲೆ ಬಂದ ಮದುವೆ ಕಾನೂನುಗಳು ಗಂಡಿನ ಕನಿಷ್ಠ ವಯಸ್ಸನ್ನು ಬರೆದು ಸುಮ್ಮನಾದವು. ಗಂಡಸಿನ ಗರಿಷ್ಠ ವಯಸ್ಸು ಎಂಬ ಮಾತು ದೊಡ್ಡದಾಗಿ ಮತ್ತೆ ಕೇಳಿಬಂದದ್ದು 2021ರಲ್ಲಿ, ಅದೂ ಮದುವೆಯ ಬಾಗಿಲಿಂದಲ್ಲ, ಆಸ್ಪತ್ರೆಯ ಬಾಗಿಲಿಂದ. ಕೃತಕ ಗರ್ಭಧಾರಣೆಯನ್ನು ನಿಯಂತ್ರಿಸುವ ಕಾಯಿದೆ, ಚಿಕಿತ್ಸೆ ಪಡೆಯುವ ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55 ಎಂದು ಮಿತಿ ಹಾಕಿತು. ಅದರ ಜೊತೆಗೇ ಬಂದ ಬಾಡಿಗೆ ತಾಯ್ತನದ ಕಾಯಿದೆಯಲ್ಲೂ ಗಂಡನಿಗೆ 55ರ ಗೆರೆ. 1894ರ ಐವತ್ತು ಹೆಂಡತಿಯಾಗುವವಳಿಗಾಗಿ ಹಾಕಿದ ಗೆರೆ, 2021ರ ಐವತ್ತೈದು ಹುಟ್ಟುವ ಮಗುವಿಗಾಗಿ. ನಡುವಿನ ನೂರಿಪ್ಪತ್ತೇಳು ವರ್ಷ ನಾವು ಮದುವೆಮನೆಯಲ್ಲಿ ಕೂತು ಗಂಡಹೆಂಡಿರ ನಡುವಿನ ಅಂತರವನ್ನೇ ಲೆಕ್ಕಹಾಕುತ್ತಿದ್ದೆವು. ಅಪ್ಪ ಮತ್ತು ಮಗುವಿನ ನಡುವಿನ ಅಂತರವನ್ನು ಯಾರೂ ಕೈಬೆರಳಲ್ಲಿ ಎಣಿಸಲಿಲ್ಲ. ನನ್ನ ಮಟ್ಟಿಗೆ ಎಣಿಸಬೇಕಾದ ಲೆಕ್ಕ ಅದೇ.

ಈಗಿನ ಮಾತಿಗೆ ನೆಪ ಹಾಲಿವುಡ್ಡಿನದು. 2023ರ ಮೇ ತಿಂಗಳಲ್ಲಿ ರಾಬರ್ಟ್ ಡಿ ನೀರೊ 79ನೇ ವಯಸ್ಸಿನಲ್ಲಿ ಏಳನೇ ಮಗುವಿನ ತಂದೆಯಾದದ್ದು ಸುದ್ದಿಯಾಯಿತು. ಮರುತಿಂಗಳೇ ಅಲ್ ಪಚಿನೊ 83ಕ್ಕೆ ಅಪ್ಪನಾದ. ಮಗುವಿನ ತಾಯಿಗೆ 29. ರಾಕ್ ಗಾಯಕ ಮಿಕ್ ಜಾಗರ್ ಎಂಟನೇ ಮಗುವಿಗೆ 73ರಲ್ಲಿ ತಂದೆಯಾಗಿದ್ದ. ಚಾರ್ಲಿ ಚಾಪ್ಲಿನ್ 54ಕ್ಕೆ 18ರ ಊನಾ ಓನೀಲ್‌ಳನ್ನು ಮದುವೆಯಾಗಿ, ಎಂಟು ಮಕ್ಕಳಲ್ಲಿ ಕೊನೆಯದು ಹುಟ್ಟುವಾಗ 73 ಆಗಿದ್ದ. ನಮ್ಮಲ್ಲಿ ಇಂಥ ಸುದ್ದಿಯ ಕೆಳಗೆ ಒಂದಷ್ಟು ಜನ ‘ಅರವತ್ತಕ್ಕೆ ಅರಳು ಮರಳು, ಎಂಬತ್ತಕ್ಕೆ ಮತ್ತೆ ಅರಳು’ ಎಂದು ನಗುತ್ತಾರೆ, ಇನ್ನೊಂದಷ್ಟು ಜನ ‘ಗುರುವೇ, ಗುಟ್ಟೇನು?’ ಎಂದು ಕೇಳುತ್ತಾರೆ. ಬೈಯುವವರು ಬೈಯುವುದು ಹುಡುಗಿಯನ್ನು. ದುಡ್ಡಿಗಾಗಿ ಹೋದಳು ಅಂತ.

ಅದೇ ಹೆಂಗಸಿನ ವಯಸ್ಸಾದರೆ ಧಾಟಿ ಬದಲಾಗುತ್ತದೆ. 2024ರ ಮಾರ್ಚಿನಲ್ಲಿ, ಕೊಲೆಯಾದ ಪಂಜಾಬಿ ಗಾಯಕ ಸಿಧು ಮೂಸೆವಾಲನ ತಾಯಿ 58ನೇ ವಯಸ್ಸಿನಲ್ಲಿ ಐವಿಎಫ್ ಮೂಲಕ ಗಂಡುಮಗು ಹೆತ್ತರು. ಇದ್ದೊಬ್ಬ ಮಗನನ್ನು ಗುಂಡಿಗೆ ಕಳೆದುಕೊಂಡ ದಂಪತಿ. ಕೇಂದ್ರ ಆರೋಗ್ಯ ಸಚಿವಾಲಯ ಪಂಜಾಬ್ ಸರ್ಕಾರದಿಂದ ವರದಿ ಕೇಳಿತು. ಅದು ಎತ್ತಿದ್ದು ತಾಯಿಯ ವಯಸ್ಸನ್ನು, 50ರ ಮಿತಿಯನ್ನು. ತಂದೆಗೂ ಅರವತ್ತರ ಆಸುಪಾಸು, ಅದೇ ಕಾಯಿದೆಯ 55ರ ಗೆರೆಯನ್ನು ಅವರೂ ದಾಟಿದ್ದರು. ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ಗಂಡಸಿನ ವಯಸ್ಸು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ದೇಹಕ್ಕಾದರೂ ಅದು ಗೊತ್ತೇ? ಗೊತ್ತು, ಚೆನ್ನಾಗಿಯೇ ಗೊತ್ತು.

ತಾಳೆಗರಿಯ ಕಾಲವನ್ನು ನೆನಪಿಸಿಕೊಳ್ಳಿ. ಒಬ್ಬ ಲಿಪಿಕಾರ ಪ್ರತಿ ಮಾಡುತ್ತಾನೆ, ಆ ಪ್ರತಿಯಿಂದ ಇನ್ನೊಬ್ಬ, ಅದರಿಂದ ಮತ್ತೊಬ್ಬ. ಪ್ರತಿ ಸಲವೂ ಒಂದೆರಡು ಅಕ್ಷರ ಜಾರುತ್ತವೆ. ಕುಮಾರವ್ಯಾಸನಿಗೆ ಅಷ್ಟೊಂದು ಪಾಠಾಂತರಗಳು ಬಂದದ್ದು ಹೀಗೆಯೇ. ದೇಹದ ಕೋಶವೊಂದು ಎರಡಾಗುವಾಗಲೂ ತಳಿಯ ಬರಹದ ಪ್ರತಿ ಆಗುವುದು ಹೀಗೆ. ಹೆಂಗಸಿನ ಅಂಡಾಣುಗಳ ಪ್ರತಿ ತೆಗೆಯುವ ಕೆಲಸ ಅವಳು ಹುಟ್ಟುವ ಮೊದಲೇ, ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ಮುಗಿದಿರುತ್ತದೆ. ಇಪ್ಪತ್ತಮೂರು, ಇಪ್ಪತ್ತನಾಲ್ಕು ಸುತ್ತು, ಅಷ್ಟೇ. ಗಂಡಸಿನಲ್ಲಿ ಅಂಗಡಿ ಮುಚ್ಚುವುದೇ ಇಲ್ಲ. ಮೀಸೆ ಮೂಡುವ ಕಾಲದಿಂದ ವೀರ್ಯಾಣುವಿನ ಮೂಲಕೋಶಗಳು ಸುಮಾರು ಹದಿನಾರು ದಿನಕ್ಕೊಮ್ಮೆ ವಿಭಜನೆಯಾಗುತ್ತ ಹೋಗುತ್ತವೆ, ವರ್ಷಕ್ಕೆ ಇಪ್ಪತ್ತಮೂರರಂತೆ. ತಳಿವಿಜ್ಞಾನಿಗಳ ಹಳೆಯ ಅಂದಾಜಿನ ಪ್ರಕಾರ ಇಪ್ಪತ್ತರ ಹುಡುಗನ ವೀರ್ಯಾಣು 150 ಸುತ್ತಿನ ಪ್ರತಿ; ನಲವತ್ತರವನದು 600 ದಾಟಿದ್ದು; ಐವತ್ತಕ್ಕೆ 840ರ ಹತ್ತಿರ. ಪ್ರತಿ ತೆಗೆದಷ್ಟೂ ತಪ್ಪು.

ಹೆಂಗಸಿನ ವಯಸ್ಸಿನ ತೊಂದರೆಯೇ ಬೇರೆ. ಅಲ್ಲಿ ಅಕ್ಷರ ತಪ್ಪುವುದಕ್ಕಿಂತ ಗರಿಯೇ, ಅಂದರೆ ಇಡೀ ವರ್ಣತಂತುವೇ, ಒಂದು ಹೆಚ್ಚು ಸೇರಿಕೊಳ್ಳುತ್ತದೆ. ಡೌನ್ ಸಿಂಡ್ರೋಮ್ ಅಂಥದ್ದು. ಕಟ್ಟಿನಲ್ಲಿ ಒಂದು ಗರಿ ಹೆಚ್ಚಿದ್ದರೆ ಎಣಿಸಿದ ಕೂಡಲೇ ಸಿಗುತ್ತದೆ. ಆದ್ದರಿಂದಲೇ ತಾಯಿಯ ವಯಸ್ಸಿನ ಅಪಾಯ ನಮಗೆ ಬೇಗ ಗೊತ್ತಾಯಿತು, ಪರೀಕ್ಷೆಗಳೂ ಬಂದವು. ಅಪ್ಪನ ಕಡೆಯ ತಪ್ಪು ಸಾವಿರಾರು ಪುಟದ ನಡುವಿನ ಒಂದು ಕಾಗುಣಿತ. ಹುಡುಕುವವರೂ ಇರಲಿಲ್ಲ.

ಅನುಮಾನ ಮಾತ್ರ ಹಳೆಯದು. ಜರ್ಮನಿಯ ವೈದ್ಯ ವಿಲ್ಹೆಲ್ಮ್ ವೈನ್‌ಬರ್ಗ್ 1912ರಲ್ಲೇ ಒಂದು ವಿಚಿತ್ರ ಗಮನಿಸಿದ: ಕೈಕಾಲು ಮೊಟಕಾಗಿ ಹುಟ್ಟುವ ಅಕಾಂಡ್ರೊಪ್ಲೇಸಿಯಾ ಎಂಬ ಕುಬ್ಜತನ ಮನೆಯ ಕೊನೆಯ ಮಕ್ಕಳಲ್ಲಿ ಹೆಚ್ಚು. ಕೊನೆಯ ಮಗು ಎಂದರೆ ತಾಯಿಗೂ ವಯಸ್ಸಾಗಿರುತ್ತದೆ, ತಂದೆಗೂ. 1955ರಲ್ಲಿ ಬ್ರಿಟನ್ನಿನ ತಳಿವಿಜ್ಞಾನಿ ಲಯನೆಲ್ ಪೆನ್ರೋಸ್ ಎರಡನ್ನೂ ಬಿಡಿಸಿ ನೋಡಿದಾಗ ಕಾರಣ ತಂದೆಯ ವಯಸ್ಸು ಎಂದು ಗೊತ್ತಾಯಿತು. ಅಕ್ಷರ ಅಕ್ಷರ ಎಣಿಸುವ ಯಂತ್ರ ಬರಲು ಮತ್ತೆ ಅರ್ಧ ಶತಮಾನ ಬೇಕಾಯಿತು. ಐಸ್‌ಲ್ಯಾಂಡಿನ ಡಿಕೋಡ್ ಸಂಸ್ಥೆ 2012ರಲ್ಲಿ ಅಪ್ಪ, ಅಮ್ಮ, ಮಗು ಮೂವರ ಇಡೀ ಜೀನೋಮ್, ಅಂದರೆ ತಳಿಯ ಪೂರ್ತಿ ಬರಹ, ಓದಿ, ಇಂಥ 78 ಕುಟುಂಬಗಳನ್ನು ಹೋಲಿಸಿತು. ಇಪ್ಪತ್ತರ ಅಪ್ಪ ಮಗುವಿಗೆ ಸುಮಾರು 25 ಹೊಸ ರೂಪಾಂತರಗಳನ್ನು, ಅಂದರೆ ಅಕ್ಷರ ತಪ್ಪುಗಳನ್ನು, ಕೊಡುತ್ತಾನೆ, ನಲವತ್ತರ ಅಪ್ಪ 65ನ್ನು. ವರ್ಷಕ್ಕೆ ಎರಡರಂತೆ ಏರಿಕೆ. ತಾಯಿಯಿಂದ ಬರುವುದು ಹದಿನೈದರ ಸುತ್ತ; ಅವಳ ವಯಸ್ಸು ಏರಿದರೂ ಅದು ಅಷ್ಟಾಗಿ ಏರುವುದಿಲ್ಲ.

ಗಾಬರಿಯಾಗುವ ಮೊದಲು ಇದನ್ನೂ ಕೇಳಬೇಕು. ಜೀನೋಮಿನ ಬಹುಪಾಲು ಜಾಗದಲ್ಲಿ ಅಕ್ಷರ ತಪ್ಪಿದರೆ ಏನೂ ಆಗುವುದಿಲ್ಲ. ಪ್ರೋಟೀನಿನ ಪಾಕ ಬರೆದಿರುವ ಜಾಗ ನೂರರಲ್ಲಿ ಒಂದೆರಡು ಪಾಲು ಮಾತ್ರ. ಆದರೆ ಲಿಪಿಕಾರರ ಲೋಕದಲ್ಲಿ ಇನ್ನೊಂದು ಪೇಚೂ ಉಂಟು. ಕೆಲವು ತಪ್ಪುಪ್ರತಿಗಳೇ ಹೆಚ್ಚು ಜನಪ್ರಿಯವಾಗಿ, ಸರಿ ಪ್ರತಿಗಿಂತ ಬೇಗ ಊರೂರು ಹಬ್ಬುತ್ತವಲ್ಲ, ಹಾಗೆಯೇ ವೃಷಣದಲ್ಲೂ ಕೆಲವು ರೂಪಾಂತರಗಳು ತಾವಿರುವ ಕೋಶವನ್ನು ಅಕ್ಕಪಕ್ಕದವಕ್ಕಿಂತ ಜೋರಾಗಿ ಬೆಳೆಸಿಕೊಳ್ಳುತ್ತವೆ. ಆಕ್ಸ್‌ಫರ್ಡಿನ ಆನ್ ಗೊರಿಯೆಲಿ, ಆ್ಯಂಡ್ರೂ ವಿಲ್ಕಿ ಇದಕ್ಕೆ ‘ಸ್ವಾರ್ಥಿ’ ಆಯ್ಕೆ ಎಂದು ಹೆಸರಿಟ್ಟರು. ತಲೆಬುರುಡೆಯ ಮೂಳೆಗಳು ಬೇಗ ಕೂಡಿಕೊಂಡು, ಬೆರಳುಗಳು ಅಂಟಿಕೊಂಡು ಹುಟ್ಟುವ ಏಪರ್ಟ್ ಸಿಂಡ್ರೋಮ್‌ನಂಥ ಅಪರೂಪದ ತೊಂದರೆಗಳು ಬರುವುದು ಹೀಗೆ. ಅಕಾಂಡ್ರೊಪ್ಲೇಸಿಯಾ ಇಪ್ಪತ್ತು ಮೂವತ್ತು ಸಾವಿರ ಮಕ್ಕಳಲ್ಲಿ ಒಂದಕ್ಕೆ, ಏಪರ್ಟ್ ಅದಕ್ಕಿಂತಲೂ ವಿರಳ. ಅಪ್ಪನಿಗೆ ಐವತ್ತಾದರೆ ಅದು ಹಲವು ಪಟ್ಟು ಏರಿದರೂ ಒಂದು ಮನೆಯ ಮಟ್ಟಿಗೆ ಸಣ್ಣ ಸಂಖ್ಯೆಯೇ.

ಜನ ಹೆಚ್ಚು ಹೆದರುವುದು ಆಟಿಸಂಗೆ. 2015ರಲ್ಲಿ ಐದು ದೇಶಗಳ 57 ಲಕ್ಷ ಮಕ್ಕಳ ದಾಖಲೆ ನೋಡಿದ ಅಧ್ಯಯನದಲ್ಲಿ, ಐವತ್ತು ದಾಟಿದ ಅಪ್ಪಂದಿರ ಮಕ್ಕಳಲ್ಲಿ ಆಟಿಸಂ ಪ್ರಮಾಣ ಇಪ್ಪತ್ತರ ಹರೆಯದ ಅಪ್ಪಂದಿರ ಮಕ್ಕಳಿಗಿಂತ ಶೇ. 66 ಹೆಚ್ಚಿತ್ತು. ಶೇ. 66 ಎಂದರೆ ಎದೆ ಧಸಕ್ಕೆನ್ನುತ್ತದೆ. ನೂರಕ್ಕೆ ಒಂದು ಇದ್ದದ್ದು ಒಂದೂಮುಕ್ಕಾಲರ ಹತ್ತಿರ ಬಂತು ಎಂದರೆ ಅಷ್ಟು ಅನ್ನಿಸುವುದಿಲ್ಲ. ಎರಡೂ ಒಂದೇ ಮಾತು. ಈ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ನಿಲ್ಲಿಸಿದ್ದು ಇನ್ನೊಂದು ಸಂಗತಿ: ಅಪ್ಪಅಮ್ಮಂದಿರ ನಡುವೆ ಹತ್ತು ವರ್ಷಕ್ಕೂ ಹೆಚ್ಚು ಅಂತರವಿದ್ದ ಕಡೆ, ಅದರಲ್ಲೂ ಅಪ್ಪ 35ರಿಂದ 44ರ ನಡುವೆ ಇದ್ದಾಗ, ಪ್ರಮಾಣ ಇನ್ನಷ್ಟು ಏರಿತ್ತು. ‘ಹುಡುಗಿ ಚಿಕ್ಕವಳಲ್ಲವಾ, ಅವನ ವಯಸ್ಸಾದರೇನು’ ಎಂಬ ನಮ್ಮ ಸಮಾಧಾನ ಅಲ್ಲಿ ಕೆಲಸ ಮಾಡುವುದಿಲ್ಲ. ಇದಕ್ಕೆ ತಳಿಯೊಂದೇ ಕಾರಣವೋ, ತಡವಾಗಿ ಮದುವೆಯಾಗುವ, ಜನರ ಜೊತೆ ಅಷ್ಟಾಗಿ ಬೆರೆಯದ ಗಂಡಸರ ಸ್ವಭಾವವೇ ಮಕ್ಕಳಿಗೂ ಬರುತ್ತದೋ ಎಂಬ ಜಗಳ ವಿಜ್ಞಾನಿಗಳ ನಡುವೆ ಮುಗಿದಿಲ್ಲ. ಎರಡೂ ಸೇರಿರಬಹುದೆಂದು ನನಗನ್ನಿಸುತ್ತದೆ.

ಗರ್ಭ ನಿಲ್ಲುವುದೂ ನಿಧಾನ. ನಲವತ್ತೈದು ದಾಟಿದ ಗಂಡಸಿನ ಹೆಂಡತಿ ಬಸುರಾಗಲು, ಗಂಡನಿಗೆ ಇಪ್ಪತ್ತೈದರೊಳಗಿರುವವಳಿಗಿಂತ ಐದು ಪಟ್ಟು ಹೆಚ್ಚು ಕಾಲ ಹಿಡಿಯಿತೆಂದು ಬ್ರಿಟನ್ನಿನ ಒಂದು ಅಧ್ಯಯನ ಕಂಡಿತು. ಅಮೆರಿಕದ ನಾಲ್ಕು ಕೋಟಿ ಹೆರಿಗೆಗಳ ಲೆಕ್ಕದಲ್ಲಿ, ಅಪ್ಪನಿಗೆ ನಲವತ್ತೈದು ದಾಟಿದ್ದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವುದು ಶೇ. 14 ಹೆಚ್ಚು, ತಾಯಿಗೆ ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆಯೂ ಹೆಚ್ಚು. ಬಂಜೆತನದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಸಿನ ಪಾತ್ರವಿರುತ್ತದೆ. ಆದರೂ ಅಶ್ವತ್ಥಕಟ್ಟೆ ಸುತ್ತುವವಳು ಅವಳು, ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆ ಕೂರುವವಳು ಅವಳು. ಒಂದು ಸರಳ ವೀರ್ಯ ಪರೀಕ್ಷೆಗೆ ಗಂಡನನ್ನು ಒಪ್ಪಿಸಲು ವರ್ಷಗಟ್ಟಲೆ ಹಿಡಿದ ಮನೆಗಳನ್ನು ನಾನೇ ಕಂಡಿದ್ದೇನೆ.

ಹಾಗಾದರೆ ಮೊದಲು ಮುದಿ ಅಪ್ಪಂದಿರು ಇರಲಿಲ್ಲವೇ? ಇದ್ದರಲ್ಲ, ಊರ ತುಂಬ ಇದ್ದರು. ಅತ್ತೆ ಸೊಸೆ ಒಂದೇ ಮನೆಯಲ್ಲಿ ಒಟ್ಟಿಗೆ ಬಾಣಂತಿಯಾದ ಕಥೆ ಯಾರ ವಂಶದಲ್ಲಿಲ್ಲ? ಅಣ್ಣನ ಮಗನಿಗಿಂತ ಚಿಕ್ಕವನಾದ ಚಿಕ್ಕಪ್ಪ, ಸೋದರಸೊಸೆಯ ಹಳೇ ಲಂಗ ತೊಟ್ಟು ಬೆಳೆದ ಅತ್ತೆ, ಇವರೆಲ್ಲ ನಮ್ಮ ಅಜ್ಜಂದಿರ ಕಾಲದ ಸಾಮಾನ್ಯ ಜನ. ಅಷ್ಟು ದೂರದ ಐಸ್‌ಲ್ಯಾಂಡಿನ ಅಂಕಿಯೂ ಇದನ್ನೇ ಹೇಳುತ್ತದೆ: 1900ರಲ್ಲಿ ಅಲ್ಲಿ ಮಗು ಹುಟ್ಟುವಾಗ ಅಪ್ಪನ ಸರಾಸರಿ ವಯಸ್ಸು 35ರ ಹತ್ತಿರ, 1980ಕ್ಕೆ ಅದು 28ಕ್ಕೆ ಇಳಿಯಿತು, 2011ಕ್ಕೆ ಮತ್ತೆ 33. ನಮಗೆ ಹೊಸದೆನ್ನಿಸುವುದು ಹಳೆಯದರ ಮರುಕಳಿಕೆ.

ಬದಲಾಗಿರುವುದು ಮಗುವಿನ ಸರದಿ. ಆಗ ಐವತ್ತರ ಅಪ್ಪನಿಗೆ ಹುಟ್ಟುತ್ತಿದ್ದುದು ಎಂಟನೆಯದೋ ಒಂಬತ್ತನೆಯದೋ ಕಡೆಗೂಸು. ಅಪ್ಪ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದರೂ ಎತ್ತಿ ಆಡಿಸಲು ಅಕ್ಕಂದಿರಿದ್ದರು, ಶಾಲೆಗೆ ಸೇರಿಸಲು ಹಿರಿಯಣ್ಣನಿದ್ದ, ಅಪ್ಪ ತೀರಿಕೊಂಡರೆ ಹೊಲವಿತ್ತು, ಹೊಲ ಉಳುವ ಚಿಕ್ಕಪ್ಪ ದೊಡ್ಡಪ್ಪಂದಿರಿದ್ದರು. ಈಗ ನಲವತ್ತೈದಕ್ಕೆ ಹುಟ್ಟುವುದು ಮೊದಲನೆಯದು, ಬಹಳಷ್ಟು ಸಲ ಅದೇ ಕೊನೆಯದು. ಮನೆಯಲ್ಲಿರುವವರು ಮೂರೇ ಜನ. ಆ ಮಗು ಎಸ್ಸೆಸ್ಸೆಲ್ಸಿ ಬರೆಯುವಾಗ ಅಪ್ಪನಿಗೆ ಅರವತ್ತೊಂದು, ಸರ್ಕಾರಿ ನೌಕರನಾಗಿದ್ದರೆ ನಿವೃತ್ತನಾಗಿ ವರ್ಷ ಕಳೆದಿರುತ್ತದೆ. ಇಂಜಿನಿಯರಿಂಗ್ ಮುಗಿಸುವಾಗ ಅರವತ್ತೇಳು. ನಮ್ಮ ದೇಶದಲ್ಲಿ ಅರವತ್ತು ಮುಟ್ಟಿದ ಗಂಡಸು ಅಲ್ಲಿಂದ ಮುಂದೆ ಬದುಕುವುದು ಸರಾಸರಿ ಹದಿನೇಳು ಹದಿನೆಂಟು ವರ್ಷ. ಲೆಕ್ಕ ಕೂಡುತ್ತದೆ, ಆದರೆ ಬಿಗಿಯಾಗಿ ಕೂಡುತ್ತದೆ. ಒಂದು ಹೃದಯಾಘಾತಕ್ಕೆ ಅದರಲ್ಲಿ ಜಾಗವಿಲ್ಲ.

ಪಚಿನೊನ ಮಗುವಿಗೆ ಈ ಚಿಂತೆಯಿಲ್ಲ. ಅಷ್ಟಕ್ಕೂ ಕರ್ನಾಟಕದ ತಡವಾದ ಅಪ್ಪನಿಗೆ ಪಚಿನೊನ ಹೋಲಿಕೆಯೇ ಸಲ್ಲದು. ನಮ್ಮವನು ಎಳೆಯ ಹುಡುಗಿಯನ್ನು ಬಯಸಿ ಹೋದ ಸಿರಿವಂತ ಮುದುಕನಲ್ಲ. ಹೆಣ್ಣು ಸಿಗದೆ ನಲವತ್ತಾದವನು. 2022ರ ನವೆಂಬರಿನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನಡೆದ ವಧೂವರರ ಸಮಾವೇಶಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಗಂಡುಗಳು ಬಂದಿದ್ದರು. ಹೆಣ್ಣುಗಳ ಸಂಖ್ಯೆ ಕೆಲವೇ ನೂರು. ಬಹುಪಾಲು ಗಂಡುಗಳು ರೈತಾಪಿ ಮನೆಯವರು. ಮರುವರ್ಷ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಗಂಡಸರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರನ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಟಿವಿಯವರು ಅದನ್ನು ತಮಾಷೆಯ ಸುದ್ದಿ ಮಾಡಿದರು. ಅದೇ 2023ರ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದಿತು. ಈ ಎರಡು ಸುದ್ದಿಗಳನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಅಚ್ಚು ಹಾಕಬೇಕಿತ್ತು. ಹಾಕಲಿಲ್ಲ. ಹುಟ್ಟಿದ ಹುಡುಗಿಯರೂ ಓದಿ ಬೆಂಗಳೂರು ಸೇರಿದ್ದಾರೆ. ಹೊಲ ಗದ್ದೆ ಇದೆಯೆಂಬ ಕಾರಣಕ್ಕೆ ಹಿಂದಿರುಗಿ ಬರುವವರು ಕಡಿಮೆ, ಬರಬೇಕೆಂದು ಹೇಳುವ ಹಕ್ಕೂ ಯಾರಿಗಿಲ್ಲ.

ಉತ್ತರ ಕನ್ನಡದ ಕಥೆ ಇನ್ನೂ ವಿಚಿತ್ರ. ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಹೆಸರಾದ, 1887ರ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ ಹುಟ್ಟಿದ್ದೇ ಹವ್ಯಕರಲ್ಲಿ ಆಗ ಇದ್ದ ಕನ್ಯಾವಿಕ್ರಯವನ್ನು ಛೇಡಿಸಲು. ತೆರ, ಅಂದರೆ ಹೆಣ್ಣಿನ ಮನೆಗೆ ಕೊಡುವ ಹಣ, ಎಣಿಸಬಲ್ಲ ವಯಸ್ಸಾದವನಿಗೆ ಎಳೆಯ ಹುಡುಗಿ ಸಿಗುತ್ತಿದ್ದಳು. ತೆರ ಕೂಡಿಸಲಾಗದ ಹುಡುಗ ಕಾಯುತ್ತ ತಾನೇ ವಯಸ್ಸಾಗುತ್ತಿದ್ದ. ನೂರ ಮೂವತ್ತು ವರ್ಷ ಕಳೆದು ಅದೇ ಸೀಮೆಯ ಅಡಿಕೆ ತೋಟದ ಯಜಮಾನ ನಲವತ್ತರವರೆಗೆ ಕಾದು, ಉತ್ತರ ಭಾರತದ ದೂರದ ಊರಿಂದ, ಭಾಷೆ ಬಾರದ, ಹತ್ತು ಹನ್ನೆರಡು ವರ್ಷ ಚಿಕ್ಕವಳಾದ ಬಡಮನೆಯ ಹುಡುಗಿಯನ್ನು ಮದುವೆಯಾಗಿ ತರುತ್ತಾನೆ. ಇಂಥ ಮದುವೆಗಳಲ್ಲಿ ಚೆನ್ನಾಗಿ ಬಾಳಿದವು ಬೇಕಾದಷ್ಟಿವೆ. ಕನ್ನಡ ಕಲಿತು, ತೋಟದ ಲೆಕ್ಕಪತ್ರ ತಾನೇ ನೋಡಿಕೊಳ್ಳುವ ಸೊಸೆಯಂದಿರನ್ನು ಆ ಕಡೆಯವರು ಬಲ್ಲರು. ವಯಸ್ಸಿನ ಅಂತರವೆಂದರೆ ಶೋಷಣೆ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಇಬ್ಬರಿಗೂ ತಿಳಿವಳಿಕೆ ಬಂದಮೇಲೆ ಒಪ್ಪಿ ಆದ ಮದುವೆಯ ಫೋಟೊ ಕೆಳಗೆ ‘ಅಪ್ಪ ಮಗಳಾ?’ ಎಂದು ಬರೆಯುವುದು ಅಸಹ್ಯ. ಆದರೆ ಅವಳು ಯಾವ ಮನೆಯಿಂದ, ಯಾಕೆ ಅಷ್ಟು ದೂರ ಬಂದಳು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಅವಳ ಲೆಕ್ಕವೂ ಇದೆ. ಡೆನ್ಮಾರ್ಕಿನ ಸುಮಾರು ಇಪ್ಪತ್ತು ಲಕ್ಷ ದಂಪತಿಗಳ ದಾಖಲೆ ನೋಡಿದ ಸಂಶೋಧಕ ಸ್ವೆನ್ ಡ್ರೆಫಾಲ್ 2010ರಲ್ಲಿ ಕಂಡದ್ದು: ಚಿಕ್ಕ ವಯಸ್ಸಿನ ಹೆಂಡತಿಯಿದ್ದ ಗಂಡಸರು ಹೆಚ್ಚು ಬದುಕುತ್ತಾರೆ, ಹೆಂಗಸರ ಆಯುಸ್ಸಿಗೆ ಗಂಡ ದೊಡ್ಡವನಾದರೂ ಚಿಕ್ಕವನಾದರೂ ನಷ್ಟವೇ, ಓರಗೆಯವನಾದರೆ ಮಾತ್ರ ಒಳ್ಳೆಯದು. ನಮ್ಮಲ್ಲಿ 2011ರ ಜನಗಣತಿಯಂತೆ ಅರವತ್ತು ದಾಟಿದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ವಿಧವೆಯರು. ಹೆಂಡತಿ ತೀರಿಕೊಂಡ ಗಂಡಸರ ಪಾಲು ಅದರ ಮೂರನೇ ಒಂದು ಭಾಗ. ಹೆಂಗಸರ ಆಯುಸ್ಸು ಹೆಚ್ಚೆಂಬುದು ಇದಕ್ಕೆ ಅರ್ಧ ಕಾರಣ. ಉಳಿದರ್ಧ, ಗಂಡಸರು ಚಿಕ್ಕವರನ್ನು ಮದುವೆಯಾಗುತ್ತಾರೆ, ಹೆಂಡತಿ ಸತ್ತರೆ ಮತ್ತೆ ಆಗುತ್ತಾರೆ.

ಹದಿನೈದು ವರ್ಷ ಚಿಕ್ಕವಳಾದ ಹೆಂಡತಿ ಒಂದೇ ಕಾಲಕ್ಕೆ ಇಬ್ಬರನ್ನು ನೋಡಿಕೊಳ್ಳುತ್ತಾಳೆ: ಒಂದು ಕೈಯಲ್ಲಿ ಮಗುವಿನ ಹೋಮ್‌ವರ್ಕ್, ಇನ್ನೊಂದರಲ್ಲಿ ಗಂಡನ ಬಿಪಿ ಮಾತ್ರೆ. ಕಾನೂನಿಗೂ ಇದು ಗೊತ್ತಿದ್ದಂತಿದೆ. ದತ್ತು ನಿಯಮ ನೋಡಿ. 2022ರ ನಿಯಮಗಳ ಪ್ರಕಾರ ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡಹೆಂಡಿರ ವಯಸ್ಸು ಕೂಡಿಸಿ 85 ದಾಟುವಂತಿಲ್ಲ. ಒಂಟಿಯಾಗಿ ದತ್ತು ಪಡೆಯುವವರಿಗೆ ಮಿತಿ 40. ನಲವತ್ತೊಂದರ ಅವಿವಾಹಿತನಿಗೆ ಹಸುಗೂಸು ಸಿಗುವುದಿಲ್ಲ. ಅದೇ ಐವತ್ತರ ಗಂಡಸಿಗೆ ಮೂವತ್ತೈದರ ಹೆಂಡತಿಯಿದ್ದರೆ ಸಿಗುತ್ತದೆ, 50 ಮತ್ತು 35 ಸೇರಿ 85. ಓರಗೆಯ ದಂಪತಿ, ಇಬ್ಬರಿಗೂ ನಲವತ್ತಮೂರು ಎಂದಾದರೆ, 86, ಸಾಲಿನಿಂದ ಹೊರಗೆ. ವಯಸ್ಸಿನ ಅಂತರವಿರುವ ಗಂಡನಿಗೆ ಹೆಂಡತಿಯ ಯೌವನವೇ ಅಂಕ ಕೊಡುತ್ತದೆ. ಯಯಾತಿ ಮಗನ ಹತ್ತಿರ ಕೇಳಿದ್ದನ್ನು ಈ ನಿಯಮ ಹೆಂಡತಿಯ ಖಾತೆಯಿಂದ ತಾನಾಗಿ ತೆಗೆದುಕೊಳ್ಳುತ್ತದೆ.

ಪುರಾಣದ ಮಾತು ಬಂದಿತು, ಶಂತನುವನ್ನು ಬಿಡುವುದು ಹೇಗೆ? ಬೆಳೆದ ಮಗನಿರುವ ರಾಜ ಸತ್ಯವತಿಯನ್ನು ಬಯಸಿದಾಗ ಅವಳ ಅಪ್ಪ ದಾಶರಾಜ ವಯಸ್ಸಿನ ಮಾತೆತ್ತಲಿಲ್ಲ. ಅವನು ಕೇಳಿದ್ದು ಇನ್ನೂ ಹುಟ್ಟದ ಮೊಮ್ಮಗನಿಗೆ ಏನು ಸಿಗುತ್ತದೆ ಎಂಬುದನ್ನು. ನಾವು ಅವನನ್ನು ಲೋಭಿ ಎಂದುಕೊಂಡೆವು. ಲೆಕ್ಕ ಗೊತ್ತಿದ್ದವನು ಅವನೊಬ್ಬನೇ. ಮುಂದೆ ಆದದ್ದೂ ಅದೇ: ಚಿಕ್ಕವನು ವಿಚಿತ್ರವೀರ್ಯ ಪ್ರಾಯಕ್ಕೆ ಬರುವ ಮೊದಲೇ ಶಂತನು ಸತ್ತ. ತಮ್ಮಂದಿರನ್ನು ಸಾಕಿದ್ದು, ಮದುವೆ ಮಾಡಿಸಿದ್ದು, ಅಪ್ಪನ ಆಸೆಯ ಬೆಲೆ ಕಟ್ಟಿದ್ದು ಮೊದಲ ಹೆಂಡತಿಯ ಮಗ.

ಇಂದಿನ ಭೀಷ್ಮರು ಅಷ್ಟು ಉದಾರಿಗಳಲ್ಲ, ಆಗಬೇಕಾಗಿಯೂ ಇಲ್ಲ. ಅಪ್ಪನ ಎರಡನೇ ಸಂಬಂಧದಲ್ಲಿ ಮಗು ಹುಟ್ಟಿತೆಂದರೆ ಮೊದಲ ಮಕ್ಕಳು ಪಹಣಿ ತೆಗೆಸಿ ನೋಡುತ್ತಾರೆ. ಕಾನೂನು ಮಾತ್ರ ಹುಟ್ಟಿದ ಮಗುವಿನ ಕಡೆಗಿದೆ. ವಿಲ್ ಇಲ್ಲದೆ ಸತ್ತ ಹಿಂದೂ ಗಂಡಸಿನ ಸ್ವಯಾರ್ಜಿತದಲ್ಲಿ ಮೂವತ್ತೈದರ ಮೊದಲ ಮಗನಿಗೂ ಮೂರು ವರ್ಷದ ಕೊನೆಯ ಮಗಳಿಗೂ ಸಮಪಾಲು, ಹೆಂಡತಿಗೂ ಅಷ್ಟೇ. ಮೊದಲ ಹೆಂಡತಿ ಇರುವಾಗಲೇ ಇನ್ನೊಬ್ಬಳನ್ನು ಕಟ್ಟಿಕೊಂಡರೆ ಆ ಮದುವೆ ಊರ್ಜಿತವಲ್ಲ. ಆದರೆ ಆ ಮಗುವಿಗೆ ಅಪ್ಪನ ಪಾಲಿನಲ್ಲಿ ಹಕ್ಕಿದೆ. ಅಪ್ಪನಿಗೆ ಪಿತ್ರಾರ್ಜಿತದಲ್ಲಿ ಬರಬಹುದಾಗಿದ್ದ ಪಾಲಿಗೂ ಅದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರಿನಲ್ಲಿ ಹೇಳಿತು. ಆ ರೇವಣಸಿದ್ದಪ್ಪ ಪ್ರಕರಣ ಹೋದದ್ದು ನಮ್ಮ ಕರ್ನಾಟಕದಿಂದಲೇ. ನಿವೃತ್ತಿಯ ಬಳಿಕ ಮದುವೆಯಾದವನ ಹೆಂಡತಿಗೆ ಕುಟುಂಬ ಪಿಂಚಣಿ ನಿರಾಕರಿಸುವಂತಿಲ್ಲ ಎಂದು 1989ರಲ್ಲೇ ಅದೇ ನ್ಯಾಯಾಲಯ ತೀರ್ಮಾನಿಸಿತ್ತು. ಹಕ್ಕು ಕಾಗದದಲ್ಲಿದೆ. ಅದನ್ನು ಕೈಗೆ ತರಲು ಕೋರ್ಟಿಗೆ ಅಲೆಯುವವಳು ಮತ್ತೆ ಆ ಚಿಕ್ಕ ವಯಸ್ಸಿನ ವಿಧವೆ. ಅಪ್ಪನಾದ ವರ್ಷವೇ ವಿಲ್ ಬರೆದು, ನಾಮಿನಿ ಬದಲಿಸಿ, ದೊಡ್ಡ ಮಕ್ಕಳನ್ನು ಕೂರಿಸಿ ಮಾತಾಡುವ ಗಂಡಸರು ಬೆರಳೆಣಿಕೆ. ನಾಮಕರಣದ ಊಟಕ್ಕೆ ಇಟ್ಟ ಖರ್ಚಿನಲ್ಲಿ ನೂರನೇ ಒಂದು ಪಾಲು ಸಾಕು ಇದಕ್ಕೆಲ್ಲ.

ತಡವಾಗಿ ಬಂದ ಅಪ್ಪನಿಂದ ಮಗುವಿಗೆ ಸಿಗುವುದೂ ಉಂಟು. ಬಡ್ತಿಯ ಓಟ ಮುಗಿದಿರುತ್ತದೆ, ಸಿಟ್ಟು ಇಳಿದಿರುತ್ತದೆ, ಮೊದಲ ಮಗನಿಗೆ ಕೊಡದ ಸಂಜೆಗಳನ್ನು ಈ ಮಗುವಿಗೆ ಕೊಡುತ್ತಾನೆ. ತಳಿಯಲ್ಲೂ ಒಂದು ಸಣ್ಣ ಉಡುಗೊರೆಯಿದೆ: ವರ್ಣತಂತುವಿನ ತುದಿಯಲ್ಲಿದ್ದು ಕಾಲ ಕಳೆದಂತೆ ಸವೆಯುವ ಟೆಲೊಮಿಯರ್ ವಯಸ್ಸಾದ ಅಪ್ಪಂದಿರ ಮಕ್ಕಳಲ್ಲಿ ಉದ್ದವಾಗಿರುತ್ತದೆ, ಫಿಲಿಪ್ಪೀನ್ಸಿನಲ್ಲಿ ಅಜ್ಜನ ವಯಸ್ಸಿನವರೆಗೂ ಇದರ ಜಾಡು ಸಿಕ್ಕಿತು. ಅದರಿಂದ ಆಯುಸ್ಸು ಹೆಚ್ಚುತ್ತದೆಂದು ಯಾರಾದರೂ ಮಾತ್ರೆ ಮಾರಲು ಬಂದರೆ ಕೊಳ್ಳಬೇಡಿ.

ಶಾಲೆಯ ಗೇಟಿನಲ್ಲಿ ‘ತಾತ ಬಂದರು ನೋಡು’ ಎಂದು ಟೀಚರ್ ಹೇಳಿದಾಗ ಮಗು ತಿದ್ದುತ್ತದೋ, ಸುಮ್ಮನಿರುತ್ತದೋ? ಕೆಲವು ಮಕ್ಕಳು ಮೊದಲ ವರ್ಷ ತಿದ್ದುತ್ತವೆ, ಮೂರನೇ ವರ್ಷಕ್ಕೆ ಸುಮ್ಮನಾಗುತ್ತವೆ.

55ರ ಗೆರೆಯ ಬಗ್ಗೆ ನನಗಿರುವ ಅನುಮಾನ ಹೇಳಿಬಿಡುತ್ತೇನೆ. ಅದು ತಡೆಯುವುದು ಆಸ್ಪತ್ರೆಗೆ ಬಂದವನನ್ನು ಮಾತ್ರ. ಸಹಜವಾಗಿ ಮಗು ಪಡೆಯುವ ಎಪ್ಪತ್ತರವನನ್ನು ಯಾವ ಕಾನೂನೂ ಕೇಳುವುದಿಲ್ಲ; ಕೇಳಲೂಬಾರದು. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, ಕಾಯಿದೆ ಬರುವ ಮೊದಲೇ ಭ್ರೂಣ ತೆಗೆದಿಟ್ಟು ಕಾದಿದ್ದ ದಂಪತಿಗಳಿಗೆ ಬಾಡಿಗೆ ತಾಯ್ತನದ ವಯೋಮಿತಿ ಅನ್ವಯಿಸದೆಂದು ಹೇಳುವಾಗ ಈ ತಾರತಮ್ಯವನ್ನೂ ಗಮನಿಸಿತು. ಅದಕ್ಕೂ ಮೊದಲೇ, 2023ರ ಏಪ್ರಿಲಿನಲ್ಲಿ, ಇದೇ ಗೆರೆ ನಮ್ಮ ಹೈಕೋರ್ಟಿನ ಮುಂದೆ ಬಂದಿತ್ತು. ದಂಪತಿಗಿದ್ದ ಒಬ್ಬನೇ ಮಗ 23ನೇ ವಯಸ್ಸಿಗೆ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದ. ತಾಯಿಗೆ ಗರ್ಭಕೋಶ ತೆಗೆದಿತ್ತು. ಪರಿಚಯದ ಹೆಣ್ಣುಮಗಳೊಬ್ಬಳು ಹೊತ್ತು ಕೊಡಲು ಒಪ್ಪಿದ್ದಳು. ಅಡ್ಡ ಬಂದದ್ದು ಅಪ್ಪನ ವಯಸ್ಸು, 57. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಗೆರೆಯನ್ನು ಅಳಿಸಲೂ ಇಲ್ಲ, ಅದೇ ಕೊನೆಯೆಂದು ಕೂರಲೂ ಇಲ್ಲ. ಮೂರು ಪರೀಕ್ಷೆ ಹೇಳಿದರು: ತಂದೆಯ ವೀರ್ಯಾಣು ಮಗುವಿಗೆ ತೊಂದರೆ ತರದಷ್ಟು ಆರೋಗ್ಯವಾಗಿದೆಯೇ, ಮಗುವನ್ನು ಎತ್ತಿ ಆಡಿಸಿ ಸಾಕುವ ಶಕ್ತಿ ದೇಹದಲ್ಲಿದೆಯೇ, ದೊಡ್ಡದು ಮಾಡುವಷ್ಟು ಆಸ್ತಿಪಾಸ್ತಿಯಿದೆಯೇ. ಇವುಗಳಲ್ಲಿ ಪಾಸಾದರೆ ಅರ್ಹತಾ ಪತ್ರದ ವಿಚಾರ ನೋಡಿ ಎಂದರು. ಐವತ್ತೈದು ಎಂಬ ಮೊಂಡ ಸಂಖ್ಯೆಗಿಂತ ಈ ಮೂರು ಪ್ರಶ್ನೆಗಳು ನನಗೆ ಹೆಚ್ಚು ಮನುಷ್ಯತ್ವದವು ಅನ್ನಿಸುತ್ತವೆ. ಹೆಣ್ಣು ನೋಡಲು ಹೋಗುವ ನಲವತ್ತೈದರವನೂ ಕಾಫಿ ಬರುವುದರೊಳಗೆ ಇವನ್ನು ತನ್ನಲ್ಲೇ ಕೇಳಿಕೊಳ್ಳಬಹುದು.

ಮೂರೂ ಪ್ರಶ್ನೆಗಳು ಅಪ್ಪನ ಇವತ್ತಿನ ಸ್ಥಿತಿಯ ಬಗ್ಗೆ. ಆ ಮನೆಗೆ ಮಗು ಬಂದಿದ್ದರೆ, ತಾನು ನೋಡದ ಅಣ್ಣನ ವಯಸ್ಸಿಗೆ, ಇಪ್ಪತ್ತಮೂರಕ್ಕೆ, ಅದು ಕಾಲಿಡುವ ಹೊತ್ತಿಗೆ ಅಪ್ಪನಿಗೆ ಎಂಬತ್ತು ದಾಟಿರುತ್ತದೆ. ಈ ಕೂಡಿಸುವ ಲೆಕ್ಕ ಆ ದಂಪತಿಗೆ ಬಾರದ್ದೇನಲ್ಲ. ಅದನ್ನು ಮಾಡಿ ನೋಡಿಯೇ ಅವರು ಕೋರ್ಟಿನ ಮೆಟ್ಟಿಲು ಹತ್ತಿದ್ದರು.